ಹದಿನಾರು ಪೆಟ್ಟಿಗೆ, ಒಂದು ಬೀಸುಕಲ್ಲು

ಪೆಟ್ಟಿಗೆ ಕೈಗೆ ಬಂದ ಕೂಡಲೇ ಮಕ್ಕಳು ಅದನ್ನು ಕಿವಿಯ ಹತ್ತಿರ ಹಿಡಿದು ಕುಲುಕುತ್ತಾರೆ. ಆಮೇಲೆ ಹಿಚುಕುತ್ತಾರೆ. ಸ್ವಲ್ಪ ಚುರುಕಾದವರು ಅಂಗಡಿಯಲ್ಲೇ ಎರಡು ಪೆಟ್ಟಿಗೆಗಳನ್ನು ಎರಡು ಕೈಯಲ್ಲಿ ಹಿಡಿದು ತೂಗಿ ನೋಡುತ್ತಾರೆ. ಇಷ್ಟೆಲ್ಲ ಮಾಡಿದರೂ ಒಳಗೇನಿದೆ ಎಂದು ಅವರಿಗೆ ಗೊತ್ತಾಗಬಾರದು. ಹಾಗೆ ಗೊತ್ತಾಗದಂತೆ ಮಾಡುವುದೇ ನನ್ನ ಉದ್ಯೋಗ. ವಿಶಾಖಪಟ್ಟಣದ ಮಧುರವಾಡದಲ್ಲಿ, ಲಿಫ್ಟು ಸದಾ ಕೆಟ್ಟಿರುವ ಒಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಕೂತು, ರಟ್ಟು ಮಡಿಸಿ, ಫೋಮು ಕತ್ತರಿಸಿ, ಎಂಟು ವರ್ಷದ ಮಗುವನ್ನು ಏಮಾರಿಸುವುದನ್ನು ನಾನು ಚೆನ್ನಾಗಿಯೇ ಕಲಿತಿದ್ದೇನೆ. ಆಫೀಸಿನಲ್ಲಿ ಇದನ್ನು ಸರ್‌ಪ್ರೈಸ್ ಎನ್ನುತ್ತಾರೆ. ನಮ್ಮ ಹಾಸನದ ಕಡೆ ಇದಕ್ಕೆ ಬೇರೆ ಮಾತಿದೆ, ಅದನ್ನು ಇಲ್ಲಿ ಬರೆಯುವುದು ಬೇಡ.

ಒಳಗಿರುವುದು ಏನು ಮಹಾ? ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ ಬೆಕ್ಕು. ಇಲ್ಲದಿದ್ದರೆ ಅದೇ ಅಚ್ಚಿನಲ್ಲಿ ಕಿವಿ ಮಾತ್ರ ಉದ್ದ ಮಾಡಿದ ಮೊಲ. ಇವು ಗೋಣಿಚೀಲಗಳಲ್ಲಿ ಬಂದು ಬೀಳುತ್ತವೆ. ಅರ್ಧಕ್ಕೆ ಕಣ್ಣಿನ ಬಣ್ಣ ಮೂಗಿಗೆ ಬಂದಿರುತ್ತದೆ. ಹಾಗೇ ಬಿಡಿಯಾಗಿ ಅಂಗಡಿಯ ಮುಂದೆ ಸುರಿದರೆ ಒಬ್ಬರೂ ತಿರುಗಿ ನೋಡುವುದಿಲ್ಲ. ಅದಕ್ಕೇ ಮೊದಲು ಒಂದು ಪೊಟ್ಟಣ, ಪೊಟ್ಟಣದ ಮೇಲೊಂದು ಪ್ಲಾಸ್ಟಿಕ್ ಮೊಟ್ಟೆ, ಮೊಟ್ಟೆಯ ಸುತ್ತ ಫೋಮು, ಅದರ ಮೇಲೊಂದು ರಟ್ಟಿನ ಪೆಟ್ಟಿಗೆ, ಪೆಟ್ಟಿಗೆಗೊಂದು ಹರಿಯುವ ಪಟ್ಟಿ. ಪಟ್ಟಿ ಹರಿಯುವಾಗ 'ಜರ್ರ್' ಎಂದು ಸದ್ದು ಬರಬೇಕು. ಆ ಸದ್ದಿಗಾಗಿ ನಾನು ಒಂದು ತಿಂಗಳು ಬೇರೆ ಬೇರೆ ಅಂಟುಗಳನ್ನು ಹಚ್ಚಿ ನೋಡಿದ್ದೇನೆ. ಬೆಕ್ಕಿನ ಮೂಗನ್ನು ಸರಿಮಾಡಲು ಯಾರೂ ಒಂದು ದಿನವನ್ನೂ ಕೊಟ್ಟಿಲ್ಲ.

ನಮ್ಮ ಕಂಪನಿಯ ಯಜಮಾನರಿಗೆ ಇದೆಲ್ಲ ದೊಡ್ಡ ತತ್ವ. ಬೆಳಗ್ಗೆ ಬಂದ ಕೂಡಲೇ ಯಾವುದೋ ದೇಶದ ಮಗು ಪೆಟ್ಟಿಗೆ ಬಿಚ್ಚಿ ಬಾಯಿ ತೆರೆಯುವ ವಿಡಿಯೊ ಹಾಕಿಕೊಂಡು ನಮ್ಮೆಲ್ಲರನ್ನೂ ಕರೆದು ತೋರಿಸುತ್ತಾರೆ. "ಈ ಮೂರು ಸೆಕೆಂಡು ನೋಡಿ ಮೇಡಂ, ನಾವು ಮಾರೋದು ಇದನ್ನೇ" ಎನ್ನುತ್ತಾರೆ. ನಾಲ್ಕನೇ ಸೆಕೆಂಡಿನಲ್ಲಿ ಮಗುವಿನ ಮುಖ ಹೇಗಾಗುತ್ತದೆ ಎಂದು ಅವರು ಯಾವತ್ತೂ ನೋಡಿದವರಲ್ಲ, ಅಷ್ಟರಲ್ಲಿ ವಿಡಿಯೊ ನಿಲ್ಲಿಸಿರುತ್ತಾರೆ.

ಕಳೆದ ವರ್ಷ ಹಬ್ಬದ ಕಾಲಕ್ಕೆ ಒಂದು ಹೊಸ ಪೆಟ್ಟಿಗೆ ಬೇಕು ಎಂದರು. ನಾನು ನನಗೆ ಗೊತ್ತಿದ್ದದ್ದನ್ನೇ ಮಾಡಿದೆ. ಗೌರಿ ಹಬ್ಬದಲ್ಲಿ ನಮ್ಮ ಕಡೆ ಮೊರದ ಬಾಗಿನ ಕೊಡುತ್ತಾರೆ. ಒಂದು ಮೊರದಲ್ಲಿ ಅಕ್ಕಿ, ಬೇಳೆ, ಬಳೆ, ಬಿಚ್ಚೋಲೆ, ಕನ್ನಡಿ, ಬೆಲ್ಲ ಎಲ್ಲ ಇಟ್ಟು, ಮೇಲೆ ಇನ್ನೊಂದು ಮೊರ ಮುಚ್ಚಿ, ಸೆರಗಿನ ಮರೆಯಲ್ಲಿ ಇನ್ನೊಬ್ಬ ಮುತ್ತೈದೆಗೆ ಕೊಡುವುದು. ತೆಗೆದುಕೊಂಡವರು ಕೊಟ್ಟವರ ಎದುರು ಅದನ್ನು ಬಿಚ್ಚಿ ನೋಡುವ ಹಾಗಿಲ್ಲ. ಅದೇ ಮಾದರಿಯಲ್ಲಿ ಅಂಗೈಯಗಲದ ಎರಡು ರಟ್ಟಿನ ಮೊರ ಮಾಡಿ, ಒಂದರ ಮೇಲೊಂದು ಕವುಚಿ, ಸುತ್ತ ಹಳದಿ ಪಟ್ಟಿ ಅಂಟಿಸಿದೆ. ಹದಿನಾರು ಮಾದರಿ ತಯಾರಾದವು. ಹದಿನೈದರ ಒಳಗೆ ಬೊಂಬೆಯ ಬದಲು ತೂಕಕ್ಕೆಂದು ಕಬ್ಬಿಣದ ನಟ್ಟು ಇಟ್ಟೆ. ಹದಿನಾರನೆಯದರಲ್ಲಿ ಮಾತ್ರ ಅಮ್ಮನ ಬೀಸುಕಲ್ಲು ಇಟ್ಟೆ.

ಇದು ಹಿಟ್ಟು ಬೀಸುವ ಕಲ್ಲಲ್ಲ, ಆಟದ್ದು. ಅಮ್ಮನ ಹತ್ತಿರ ಒಂದು ಹಳೆಯ ತಗಡಿನ ಡಬ್ಬವಿದೆ. ಅದರೊಳಗೆ ಹನ್ನೊಂದು ಹಿತ್ತಾಳೆಯ ಪುಟ್ಟ ಅಡುಗೆ ಸಾಮಾನು: ಒಲೆ, ಒರಳು, ಕೊಳದಪ್ಪಲೆ, ಸೌಟು, ಹೀಗೆ. ಅವಳ ಅಮ್ಮ ಕೊಟ್ಟದ್ದು. ದಸರೆಯಲ್ಲಿ ಪಟ್ಟದ ಗೊಂಬೆಗಳ ಮುಂದೆ ಆ ಅಡುಗೆಮನೆ ಹೂಡದೆ ಅವಳ ಹಬ್ಬ ಶುರುವಾಗುವುದಿಲ್ಲ. ಅಪ್ಪ ಬ್ಯಾಂಕಿನಲ್ಲಿದ್ದವರು. ಒಂಬತ್ತು ಸಲ ವರ್ಗವಾಯಿತು, ಅದರಲ್ಲಿ ನಾನು ತೆಲುಗು ಕಲಿತ ವಿಜಯವಾಡವೂ ಒಂದು. ಪ್ರತಿ ಸಲ ಲಾರಿಯಲ್ಲಿ ಏನಾದರೊಂದು ಒಡೆಯಿತು, ಕಳೆಯಿತು. ಆ ಡಬ್ಬ ಮಾತ್ರ ಅಮ್ಮನ ತೊಡೆಯ ಮೇಲೆ ಕೂತು ಬಂತು, ಒಂದು ಸೌಟೂ ಕಳೆಯಲಿಲ್ಲ. ಅಪ್ಪ ಹೋದ ಮೇಲೆ ಅಮ್ಮ ನನ್ನ ಜೊತೆಗೆ, ನನ್ನ ಗಂಡನಿಗೆ ಕೊಟ್ಟಿರುವ ನೌಕಾಪಡೆಯ ಕ್ವಾರ್ಟರ್ಸಿಗೆ ಬಂದಳು. ಡಬ್ಬವೂ ಬಂದು ಅವಳ ಮಂಚದ ಕೆಳಗೆ ಸೇರಿತು.

ಬೀಸುಕಲ್ಲಿಗೆ ಬಿಡಿಯಾದ ಎರಡು ಭಾಗ. ಮುಟ್ಟಿದರೆ ಸಾಕು, ಟಣಟಣ ಎನ್ನುತ್ತದೆ. ಅದನ್ನು ಸುಮ್ಮನಾಗಿಸುವ ಪೆಟ್ಟಿಗೆ ಜಗತ್ತಿನ ಯಾವ ಬೊಂಬೆಯನ್ನೂ ಸುಮ್ಮನಾಗಿಸುತ್ತದೆ ಎಂಬುದು ನನ್ನ ಲೆಕ್ಕ. ಅಮ್ಮನನ್ನು ಕೇಳದೆ ತೆಗೆದುಕೊಂಡು ಹೋಗಿದ್ದೆ. ಸುಮ್ಮನಾಯಿತು. ಗುರುತಿಗೆ ಆ ಪೆಟ್ಟಿಗೆಯ ಅಂಚಿಗೆ ಹಸಿರು ಬಳಿದೆ. ಯಜಮಾನರು ಹದಿನಾರನ್ನೂ ಕುಲುಕಿ, ಹಿಚುಕಿ, ತೂಗಿ ನೋಡಿ, ಒಂದರ ಒಳಗೂ ಏನಿದೆ ಎಂದು ಹೇಳಲಾರದೆ, ಕೊನೆಗೆ "ಮೇಡಂ, ಇದು ಪೂಜೆ ಸಾಮಾನಿನ ಥರ ಇದೆ, ಮಕ್ಕಳು ಮುಟ್ಟಲ್ಲ" ಎಂದರು. ನಾನು ಸಿಟ್ಟಿನಿಂದ ಹದಿನಾರನ್ನೂ ಚೀಲಕ್ಕೆ ತುಂಬಿಕೊಂಡು ಮನೆಗೆ ಬಂದೆ.

ಅದು ಗೌರಿ ಹಬ್ಬದ ಹಿಂದಿನ ಗುರುವಾರ. ಶನಿವಾರ ಇಲ್ಲಿನ ಕನ್ನಡದ ಹೆಂಗಸರು ನಮ್ಮ ಮನೆಗೆ ಅರಿಶಿನ ಕುಂಕುಮಕ್ಕೆ ಬರುವವರಿದ್ದರು. ಅಮ್ಮ ವಾರದಿಂದ ಮೊರ ತಾ, ಬಳೆ ತಾ ಎಂದು ಹೇಳುತ್ತಿದ್ದಳು. ನಾನು ತಂದಿರಲಿಲ್ಲ. ಆ ಹೆಂಗಸರನ್ನು ಕಂಡರೆ ನನಗೆ ಅಷ್ಟಕ್ಕಷ್ಟೇ. ಇವರ ನಡುವೆ ಒಂದೇ ರವಿಕೆ ಕಣ ವರ್ಷಗಟ್ಟಲೆ ಸುತ್ತುತ್ತದೆ. ನಾನು ಕೊಟ್ಟ ಒಂದು ನೇರಳೆ ಕಣ, ಮೂಲೆಯಲ್ಲಿ ಅದೇ ಅರಿಶಿನದ ಕಲೆಯೊಂದಿಗೆ, ಎರಡು ವರ್ಷದ ಮೇಲೆ ನನ್ನ ಮಡಿಲಿಗೇ ಬಂದು ಬಿದ್ದಿತ್ತು. ಯಾರೂ ಏನನ್ನೂ ಬಿಚ್ಚುವುದಿಲ್ಲ, ಉಡುವುದಿಲ್ಲ, ಹೊಲಿಸುವುದಿಲ್ಲ. ಮೂರು ಸೆಕೆಂಡಿನ ಸಂತೋಷವನ್ನೂ ಪಡಲಾರದ ಜನ. ಇಂಥವರಿಗೆ ಒಳಗೇನಿದ್ದರೇನು ಎಂದುಕೊಂಡು, ಆ ಪೆಟ್ಟಿಗೆಗಳನ್ನೇ ಅಮ್ಮನ ಮುಂದೆ ಜೋಡಿಸಿದೆ.

ಅಮ್ಮ ಒಂದನ್ನು ಎತ್ತಿ ನೋಡಿದಳು. "ಮೊರದ ಹಾಗೇ ಮಾಡಿದ್ದೀಯಲ್ಲೇ. ಒಳಗೇನಿದೆ?"

"ಆಟದ ಸಾಮಾನು ಕಣಮ್ಮ. ಎಲ್ಲರ ಮನೇಲೂ ಮಕ್ಕಳಿದಾರೆ, ಖುಷಿ ಪಡ್ತಾರೆ."

"ಬಾಗಿನ ಅಂತ ಕೊಟ್ಟಮೇಲೆ ಒಳಗೆ ಒಪ್ಪವಾದ್ದೇ ಇರ್ಬೇಕು. ನಾನು ಕೊಡೋ ಹಾಗಿಲ್ಲ, ನಿನ್ನ ಕೈಯಿಂದ ಹೋಗೋದು."

"ಇದೆ ಬಿಡಮ್ಮ" ಎಂದೆ. ಹಸಿರು ಅಂಚಿನದರಿಂದ ಬೀಸುಕಲ್ಲು ತೆಗೆಯಬೇಕು ಎಂಬುದು ಆಗ ನೆನಪಿತ್ತು. ಶುಕ್ರವಾರ ಇಡೀ ದಿನ ಆಫೀಸಿನಲ್ಲಿದ್ದೆ. ಸಂಜೆ ಬಂದಾಗ ಅಮ್ಮ ಪಾತ್ರೆಗೆ ಹಿಡಿದಿದ್ದ ಮೈದಾ ಅಂಟನ್ನು ಉಜ್ಜುತ್ತಿದ್ದಳು. ಮಂಟಪಕ್ಕೆ ಬಣ್ಣದ ಕಾಗದ ಅಂಟಿಸಿದೆ ಎಂದಳು. ಶನಿವಾರ ಹೆಂಗಸರು ಬಂದರು, ಹಾಡಿದರು, ಅವಲಕ್ಕಿ ತಿಂದರು. ನಾನು ಒಬ್ಬೊಬ್ಬರಿಗೂ ಸೆರಗು ಹಿಡಿದು, ನಗುತ್ತ, ನನ್ನ ಲೆಕ್ಕದಲ್ಲಿ ಒಂದೊಂದು ಕಬ್ಬಿಣದ ನಟ್ಟು ಕೊಟ್ಟು ಕಳಿಸಿದೆ. ಯಾರೂ ಬಿಚ್ಚಲಿಲ್ಲ. ಬೀಸುಕಲ್ಲು ನೆನಪಾದದ್ದು ಹತ್ತು ದಿನ ಬಿಟ್ಟು, ಬಸ್ಸಿನಲ್ಲಿ. ದಸರೆಗೆ ಮೂರು ವಾರವೂ ಇರಲಿಲ್ಲ.

ಅಮ್ಮನಿಗೆ ಹೇಳುವ ಧೈರ್ಯ ಬರಲಿಲ್ಲ. "ಹಸಿರು ಅಂಚಿಂದು ಯಾರಿಗೆ ಹೋಯ್ತಮ್ಮ? ಆಫೀಸಲ್ಲಿ ಆ ಸ್ಯಾಂಪಲ್ ವಾಪಸ್ ಕೇಳ್ತಿದಾರೆ" ಎಂದೆ. ಅಮ್ಮ ಕಾಯಿ ತುರಿಯುತ್ತಿದ್ದವಳು ತಲೆಯೆತ್ತಲಿಲ್ಲ. "ಪಕ್ಕದ ಬ್ಲಾಕಿನ ಮಂಡ್ಯದ ಹುಡುಗಿಗೆ. ಹೋಗಿ ಕೇಳು ಮತ್ತೆ" ಎಂದಳು.

ಮಂಡ್ಯದ ಹುಡುಗಿ ಎಂದರೆ ಹಡಗಿನಲ್ಲಿರುವ ಒಬ್ಬ ನಾವಿಕನ ಹೆಂಡತಿ. ಬಾಗಿಲಲ್ಲೇ ಹೇಳಿಬಿಟ್ಟಳು. "ಅದಾ ಅಕ್ಕ? ಮಡಗಿದ್ದೆ. ಹಬ್ಬದ್ ಮಾರ್ನೆ ದಿನ್ವೇ ಬ್ಯಾಂಕ್ ಮ್ಯಾನೇಜರಮ್ಮ ಬಂದಿದ್ರು. ಬರೀ ಕೈಲಿ ಕಳ್ಸಕ್ಕಾಯ್ತದಾ? ಕೊಟ್‌ಬುಟ್ಟೆ."

"ಒಳಗೇನಿತ್ತು ಅಂತ ನೋಡ್ಲಿಲ್ವಾ?"

"ತಗದ್ರೆ ಇನ್ನೊಬ್ರಿಗೆ ಕೊಡಕ್ಕಾಯ್ತದಾ ಅಕ್ಕ?" ಎಂದು ನನ್ನನ್ನು ಪೆದ್ದಿಯ ಹಾಗೆ ನೋಡಿದಳು. ಅವಳ ಮೂರು ವರ್ಷದ ಮಗಳು ಅಲ್ಲೇ ನೆಲದ ಮೇಲೆ ಖಾಲಿ ಬಿಸ್ಕತ್ತಿನ ಡಬ್ಬವನ್ನು ಮುಚ್ಚಿ ತೆರೆದು ಆಡುತ್ತಿತ್ತು. ಮಗುವಿಗೆ ಕೊಡುವುದು ಬಿಟ್ಟು ಮ್ಯಾನೇಜರ ಹೆಂಡತಿಗೆ ಕೊಟ್ಟಿದ್ದಾಳಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡು ಮೆಟ್ಟಿಲಿಳಿದೆ. ಒಳಗೆ ನಟ್ಟಿದ್ದರೂ ಹಾಗೇ ಬೈಯುತ್ತಿದ್ದೆನೇ ಎಂದು ಕೇಳಿಕೊಳ್ಳಲಿಲ್ಲ.

ಮ್ಯಾನೇಜರ ಮನೆ ದ್ವಾರಕಾ ನಗರದಲ್ಲಿ, ಬ್ಯಾಂಕಿನ ಹಿಂದಿನ ಬೀದಿಯಲ್ಲಿ. ಆಕೆ ಧಾರವಾಡದವರು. ಕಾಫಿ ಕೊಟ್ಟು, ನನ್ನ ಪ್ರಶ್ನೆ ಕೇಳಿ, ಹೆಮ್ಮೆಯಿಂದ ಒಂದು ಕಬ್ಬಿಣದ ಬೀರು ತೆರೆದು ತೋರಿಸಿದರು. ಕೆಳಗಿನ ಅರೆಯಲ್ಲಿ ಸ್ಟೀಲಿನ ಡಬ್ಬಿಗಳು, ಮಧ್ಯದಲ್ಲಿ ಹೊಳೆಯುವ ಕಾಗದ ಸುತ್ತಿದ ಗಡಿಯಾರಗಳು, ಮೇಲೆ ರವಿಕೆ ಕಣಗಳು. ಪ್ರತಿಯೊಂದರ ಮೇಲೂ ಕೊಟ್ಟವರು ಯಾರೆಂದು ಬರೆದ ಚೀಟಿ, ಮರೆತು ಅವರಿಗೇ ಕೊಟ್ಟುಬಿಡಬಾರದಲ್ಲ. ಇಷ್ಟು ಅಚ್ಚುಕಟ್ಟಾದ ಗೋದಾಮು ನಮ್ಮ ಕಂಪನಿಗೂ ಇಲ್ಲ.

"ಬಂದದ್ದು ಬಂದಂಗ ಇಡ್ತೀನ್ರಿ. ನಾ ಯಾವುದನ್ನೂ ಬಿಚ್ಚಂಗಿಲ್ಲ" ಎಂದರು. "ನಿಮ್ಮದು ಚಂದ ಇತ್ತು ನೋಡ್ರಿ, ಹಸಿರ ಅಂಚಿಂದು. ನಮ್ಮವರ ಕೈಕೆಳಗ ಒಬ್ಬ ಕ್ಲರ್ಕ್ ಇದ್ರು, ದಾವಣಗೆರೆಯವರು. ವಿಜಯವಾಡಕ್ಕ ವರ್ಗ ಆತು. ಹ್ವಾದ ವಾರ ಅವರ ಮನಿ ಪ್ರವೇಶಕ್ಕ ಹೋಗಿದ್ವಿ, ಅಲ್ಲೆ ಕೊಟ್ಟು ಬಂದೆ."

ಫೋನು ಮಾಡಿಸಿದೆ. ಪೆಟ್ಟಿಗೆ ಅಲ್ಲೇ ಇದೆ, ಬಿಚ್ಚಿಲ್ಲ ಎಂದು ಉತ್ತರ ಬಂತು. ಬಿಚ್ಚಿಲ್ಲ ಎಂಬ ಮಾತು ಕೇಳಿ ನನಗೆ ಸಮಾಧಾನವೂ ಆಯಿತು, ಮೈಯೂ ಉರಿಯಿತು.

ದಸರೆಗೆ ಒಂದು ವಾರವಿರುವಾಗ, ಶನಿವಾರದ ಬೆಳಗಿನ ರೈಲಿಗೆ ಟಿಕೆಟ್ ತೆಗೆಸಿದೆ. ಆಫೀಸಿನ ಕೆಲಸ ಎಂದು ಅಮ್ಮನಿಗೆ ಹೇಳಿದೆ. "ಆ ಪೆಟ್ಟಿಗೇದೇನಾ? ವಿಜಯವಾಡದ ತನಕಾನಾ?" ಎಂದು ಅಮ್ಮ ನನ್ನನ್ನು ಒಂದು ಗಳಿಗೆ ನೋಡಿದಳು. ನಾನು ಚೀಲದ ಜಿಪ್ಪು ಎಳೆಯುತ್ತ ಹೌದು ಎಂದೆ. ಅವಳು ಒಳಗೆ ಹೋಗಿ ದಾರಿಗೆ ಪುಳಿಯೋಗರೆ ಕಲಸಿ ಕಟ್ಟಿಕೊಟ್ಟಳು.

ಮಧ್ಯಾಹ್ನ ವಿಜಯವಾಡದಲ್ಲಿಳಿದು ಆಟೊ ಹಿಡಿದು ಊರಾಚೆಯ ಇಬ್ರಾಹಿಂಪಟ್ನಂಗೆ ಹೋದೆ. ದಾರಿಯ ಅಂಗಡಿಗಳ ಮುಂದೆ ಮರದ ಬೊಂಬೆಗಳನ್ನು ನೇತುಹಾಕಿದ್ದರು. ಎತ್ತಿನಗಾಡಿ, ತಾಳೆಮರ, ತಲೆಯಾಡಿಸುವ ಮುದುಕ, ಎಲ್ಲ ಬಟಾಬಯಲಲ್ಲಿ, ಒಂದು ಕಾಗದವನ್ನೂ ಸುತ್ತದೆ. ಇವರಿಗೆ ವ್ಯಾಪಾರವೇ ಗೊತ್ತಿಲ್ಲ ಎಂದು ನನ್ನ ಬುದ್ಧಿ ಅಲ್ಲೂ ಒಂದು ಮಾತು ಆಡಿತು. ಕ್ಲರ್ಕರ ಮನೆ ವಿದ್ಯುತ್ ಸ್ಥಾವರದ ಚಿಮಣಿಗಳಿಗೆ ಎದುರಾಗಿತ್ತು. ಮಹಡಿಯ ಕಟಕಟೆಯ ಮೇಲೆ ಬೆಳಗ್ಗೆ ಒರೆಸಿದ್ದರೂ ಬೂದಿಯ ಪದರವಿತ್ತು.

ಮನೆಯಾಕೆ ತುಂಬ ಉಪಚಾರದ ಹೆಂಗಸು. "ರಂಡಿ, ರಂಡಿ, ಒಳಗೆ ಬನ್ನಿ" ಎಂದು ಎರಡು ಭಾಷೆಯಲ್ಲೂ ಕರೆದಳು. ಊಟವಾಗುವ ತನಕ ಪೆಟ್ಟಿಗೆಯ ಮಾತೆತ್ತಲು ಬಿಡಲಿಲ್ಲ. ಆಮೇಲೆ ಸ್ಟೂಲು ಹತ್ತಿ ಅಟ್ಟದಿಂದ ಅದನ್ನು ಇಳಿಸಿದಳು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಿಗಿಯಾಗಿ ಗಂಟು ಕಟ್ಟಿದ್ದಳು.

"ಇರುವೆ ಮುತ್ಕೊಳ್ತಿದ್ವು ಅಂಡಿ, ಅದ್ಕೇ ಕವರ್ ಹಾಕ್ದೆ" ಎಂದಳು, ಗೌರವಕ್ಕೆ ತೆಲುಗಿನ 'ಅಂಡಿ' ಸೇರಿಸಿ.

ಹಿತ್ತಾಳೆಗೆಲ್ಲಿಯ ಇರುವೆ, ಅಟ್ಟ ಗುಡಿಸಿ ಎಷ್ಟು ದಿನವಾಗಿದೆಯೋ ಎಂದುಕೊಂಡೆ. ಆಗ ಅವಳ ಮಗಳು, ಎಂಟು ವರ್ಷದವಳಿರಬೇಕು, ಬಾಗಿಲ ಬಳಿ ನಿಂತು "ದಾನ್ಲೋ ಬೆಲ್ಲಂ ಉಂದಿ" ಎಂದಳು. ಕನ್ನಡದಲ್ಲಿ ಹೇಳು ಎಂದು ತಾಯಿ ಗದರಿದಳು. ಹುಡುಗಿ ಸ್ವಲ್ಪ ಯೋಚಿಸಿ, "ಬೆಲ್ಲ ಇದೆ. ವಾಸನೆ ಬರ್ತದೆ" ಎಂದಳು.

ನಾನು ನಕ್ಕೆ. ಇಂಥ ಮಕ್ಕಳನ್ನು ಏಮಾರಿಸಿಯೇ ಹನ್ನೆರಡು ವರ್ಷ ಊಟ ಮಾಡಿದವಳು ನಾನು. ಪೆಟ್ಟಿಗೆ ಕೈಗೆತ್ತಿಕೊಂಡೆ. ಹಸಿರು ಅಂಚು, ತೂಕ ಸರಿಯಾಗಿದೆ, ಸದ್ದಿಲ್ಲ. ಬಾಗಿನವನ್ನು ಕೊಟ್ಟವರ ಎದುರು ಬಿಚ್ಚಬಾರದು, ಆದರೆ ಇಲ್ಲಿ ಕೊಟ್ಟವರು ಯಾರು, ತೆಗೆದುಕೊಂಡವರು ಯಾರು ಎಂಬುದೇ ಕಲಸಿಹೋಗಿತ್ತು. ಪಟ್ಟಿ ಎಳೆದೆ.

'ಜರ್ರ್' ಎನ್ನಲಿಲ್ಲ. ಮೆತ್ತಗೆ ಪುಡಿಪುಡಿಯಾಗಿ ಬಿಟ್ಟುಕೊಂಡಿತು. ನನ್ನ ಅಂಟು ಹಾಗೆ ಬಿಡುವುದಿಲ್ಲ. ಬೆರಳಿಗೆ ಬಿಳಿಯ ಪುಡಿ ಹತ್ತಿತು, ಮೂಸಿದೆ, ಮೈದಾ. ಮೇಲಿನ ಮೊರ ಎತ್ತಿದರೆ, ಬೀಸುಕಲ್ಲು ಕೂತಿದ್ದ ಫೋಮಿನ ಗುಳಿಯಲ್ಲಿ ಒಂದು ಅಚ್ಚುಬೆಲ್ಲ, ಎರಡು ಅರಿಶಿನದ ಕೊಂಬು, ಒಂದು ಎಳೆ ಕರಿಮಣಿ, ಉಗುರಿನಷ್ಟಗಲದ ಕನ್ನಡಿ. ಎಲ್ಲವನ್ನೂ ಅಮ್ಮನ ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ, ಅಲುಗದಂತೆ ಬಿಗಿಯಾಗಿ ಇಟ್ಟಿತ್ತು.

ಶುಕ್ರವಾರದ ಮೈದಾ ಪಾತ್ರೆ ನೆನಪಾಯಿತು. ನಮ್ಮ ಮಂಟಪದಲ್ಲಿ ಆ ವರ್ಷ ಬಣ್ಣದ ಕಾಗದವೇ ಇರಲಿಲ್ಲ ಎಂಬುದೂ ನೆನಪಾಯಿತು. ನನಗೆ ಮುಖ ಎತ್ತಲಾಗಲಿಲ್ಲ.

ಮನೆಯಾಕೆ ಮಾತ್ರ ಎರಡೂ ಕೈ ಕೆನ್ನೆಗೆ ಇಟ್ಟುಕೊಂಡಿದ್ದಳು. "ಅಯ್ಯೋ, ನಿಜವಾದ ಬಾಗಿನ ಅಲ್ವಾ ಇದು. ನಮ್ಮಮ್ಮ ಕೊಡ್ತಿದ್ದ ಹಾಗೇ ಇದೆ. ಏನೋ ಪ್ಲಾಸ್ಟಿಕ್ ಇರುತ್ತೆ ಅಂತ ಅಟ್ಟಕ್ಕೆ ಎಸೆದಿದ್ನಲ್ಲ" ಎಂದು ಕರಿಮಣಿಯನ್ನು ಕಣ್ಣಿಗೊತ್ತಿಕೊಂಡಳು. ಬೆಲ್ಲದ ಮೇಲೆ ಕಣ್ಣಿಟ್ಟಿದ್ದ ಮಗಳಿಗೆ ಒಂದು ಚೂರು ಮುರಿದು ಕೊಟ್ಟಳು. ಬಾಗಿನ ಅವಳಲ್ಲೇ ಉಳಿಯಿತು. ಖಾಲಿ ಪೆಟ್ಟಿಗೆಯನ್ನು ನಾನು ಕೇಳಿ ತೆಗೆದುಕೊಂಡೆ. ಹುಡುಗಿ ಬೆಲ್ಲ ಚೀಪುತ್ತ ನನ್ನನ್ನೇ ನೋಡುತ್ತಿದ್ದಳು. ಕುಲುಕುವುದಕ್ಕೆ, ಹಿಚುಕುವುದಕ್ಕೆ, ತೂಗುವುದಕ್ಕೆ ನಾನು ಉಪಾಯ ಕಂಡುಹಿಡಿದಿದ್ದೆ. ಮೂಸುವ ಮಗುವಿನ ಯೋಚನೆ ನನಗೆ ಬಂದಿರಲೇ ಇಲ್ಲ, ಏಕೆಂದರೆ ನಾನು ಇಟ್ಟದ್ದಕ್ಕೆ ಯಾವತ್ತೂ ವಾಸನೆ ಇರುತ್ತಿರಲಿಲ್ಲ.

ಆ ಸಂಜೆ ಅವರು ನನ್ನನ್ನು ಹೋಗಗೊಡಲಿಲ್ಲ. ಮರುದಿನ ಬೆಳಗಿನ ರೈಲಿಗೆ ಹೊರಟು ಮಧ್ಯಾಹ್ನ ಮನೆ ಸೇರಿದೆ. ಅಮ್ಮ ಗೊಂಬೆ ಕೂರಿಸುವ ಹಲಗೆಗಳನ್ನು ಒರೆಸುತ್ತಿದ್ದಳು. ನಾನು ಖಾಲಿ ಪೆಟ್ಟಿಗೆಯನ್ನು ಅವಳ ಮುಂದಿಟ್ಟೆ.

"ಸಿಕ್ತಾ?" ಎಂದಳು.

"ಬೀಸುಕಲ್ಲು ಎಲ್ಲಮ್ಮ?"

"ಎಲ್ಲಿರ್ಬೇಕೋ ಅಲ್ಲೇ."

ಮಂಚದ ಕೆಳಗಿನಿಂದ ಡಬ್ಬ ಎಳೆದು ತೆರೆದೆ. ಹನ್ನೊಂದೂ ಇದ್ದವು. ಬೀಸುಕಲ್ಲು ಎಲ್ಲಕ್ಕಿಂತ ಮೇಲೆ, ಹುಣಸೆಹಣ್ಣಿನಲ್ಲಿ ಉಜ್ಜಿದ್ದರಿಂದ ಥಳಥಳ ಎನ್ನುತ್ತಿತ್ತು.

"ಇಡ್ಲಿ ಪಾತ್ರೆ ಹಬೆಗೆ ಹಿಡಿದ್ರೆ ನಿನ್ನ ಪಟ್ಟಿ ತಾನಾಗೇ ಬಿಡ್ತದೆ" ಎಂದಳು ಅಮ್ಮ. "ಹದಿನಾರನ್ನೂ ಬಿಚ್ಚಿದೆ. ಏನಿದೆ ಅಂತ ನೋಡ್ದೆ ನಿನ್ನ ಕೈಯಲ್ಲಿ ಕೊಡಿಸ್ತೀನಾ?"

"ಗೊತ್ತಿದ್ದೂ ನನ್ನನ್ನ ವಿಜಯವಾಡದ ತನಕ ಓಡಿಸ್ದೆಯಲ್ಲ."

"ನೀನಾಗೇ ಹೇಳ್ತೀಯೇನೋ ಅಂತ ಕಾದೆ. ಪಕ್ಕದ ಬ್ಲಾಕಿಗೆ ಹೋಗೋವಾಗ್ಲೂ ಕಾದೆ, ಮ್ಯಾನೇಜರ ಮನೆಗೆ ಹೋಗೋವಾಗ್ಲೂ ಕಾದೆ. ಟಿಕೆಟ್ ತಗೊಂಡ್ಮೇಲೆ ಇನ್ನೇನು, ಪುಳಿಯೋಗರೆ ಕಲಸ್ದೆ. ಡಬ್ಬ ಇಲ್ಲೇ ಇತ್ತು. ನೀನೂ ಒಂದ್ಸಲ ತೆಗೆದು ನೋಡ್ಲಿಲ್ಲ."

ಅದು ನಿಜ. ಬೀಸುಕಲ್ಲು ಇಲ್ಲದ ಜಾಗವನ್ನು ನೋಡಲು ಹೆದರಿ ನಾನು ಆ ಡಬ್ಬದ ಹತ್ತಿರವೂ ಸುಳಿದಿರಲಿಲ್ಲ. ಬಿಚ್ಚಿ ನೋಡದ ಹೆಂಗಸರು ಎಂದು ಊರೆಲ್ಲ ಮನಸ್ಸಿನಲ್ಲೇ ಹೀಯಾಳಿಸಿಕೊಂಡು ಬಂದಿದ್ದೆ.

ಅಮ್ಮ ಹಲಗೆ ಒರೆಸುವುದನ್ನು ನಿಲ್ಲಿಸಿ, ಡಬ್ಬದ ಪಕ್ಕದಲ್ಲೇ ಇದ್ದ ಒಂದು ಪೇಪರಿನ ಪೊಟ್ಟಣವನ್ನು ನನ್ನ ಕೈಗೆ ಹಾಕಿದಳು. ಭಾರವಾಗಿತ್ತು. ಒಳಗೆ ಹದಿನೈದು ನಟ್ಟುಗಳು.

"ನಿಮ್ಮ ಆಫೀಸಿಂದು. ವಾಪಸ್ ಕೊಡು. ಇವನ್ನ ಗೌರಿ ಹೆಸರಲ್ಲಿ ಆ ಹೆಣ್ಮಕ್ಕಳ ಸೆರಗಿಗೆ ಹಾಕೋಕೆ ಹೊರಟಿದ್ದೆ ನೀನು" ಎಂದಳು. ದನಿ ಏರಿಸಲಿಲ್ಲ. ಆ ದನಿಯಲ್ಲಿದ್ದ ತಿರಸ್ಕಾರ ನನಗೆ ಚೆನ್ನಾಗಿ ಪರಿಚಯವಿತ್ತು. ನಾನು ಯಜಮಾನರ ಮೇಲೆ, ಮಂಡ್ಯದ ಹುಡುಗಿಯ ಮೇಲೆ, ಧಾರವಾಡದಾಕೆಯ ಬೀರುವಿನ ಮೇಲೆ ಸುರಿದು ಬಂದದ್ದು ಅದನ್ನೇ. ಅಮ್ಮ ಅದನ್ನು ಸಲ್ಲಬೇಕಾದವಳಿಗೆ ಸಲ್ಲಿಸಿದ್ದಳು. ನನಗೆ ನಾಚಿಕೆಯಾಯಿತು, ಆಗಿದೆ ಎಂದು ಅವಳಿಗೆ ಹೇಳಲಿಲ್ಲ.

ಸೋಮವಾರ ಆ ಪೊಟ್ಟಣವನ್ನು ಕೈಚೀಲದಲ್ಲಿ ಹಾಕಿಕೊಂಡು ಮಧುರವಾಡದ ಬಸ್ಸು ಹತ್ತಿದೆ. ಪೇಪರು ಹರಿದು ನಟ್ಟುಗಳು ಚೀಲದೊಳಗೆ ಉದುರಿ, ಬಸ್ಸು ಹಳ್ಳ ಹತ್ತಿಳಿದಾಗಲೆಲ್ಲ ಗಲಗಲ ಎನ್ನತೊಡಗಿದವು. ಪಕ್ಕದ ಸೀಟಿನ ಹೆಂಗಸು ಎರಡು ಸಲ ತಿರುಗಿ ನನ್ನ ಚೀಲ ನೋಡಿದಳು. ಒಂದು ಕರವಸ್ತ್ರ ತುರುಕಿದ್ದರೆ ಅವು ಸುಮ್ಮನಾಗುತ್ತಿದ್ದವು. ನಾನು ಹಾಗೇ ಬಿಟ್ಟು ಕೂತೆ.